ಕುಂಕುಮ ಇಟ್ಟ ಡಬ್ಬಿ

ಡೈಮಂಡ್ ಬಾರ್

ಮೂವತ್ತೊಂದು ವರ್ಷ ತಾಲ್ಲೂಕು ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಕೂತವಳು ನಾನು. "ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದಮೇಲೆ" ಎಂದು ಎಷ್ಟು ಸಾವಿರ ಸಲ ಹೇಳಿದೆನೋ ಲೆಕ್ಕವಿಲ್ಲ. ನಿವೃತ್ತಳಾದರೂ ಆ ಚಾಳಿ ಬಿಟ್ಟಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು ಮಾತ್ರೆ ನುಂಗಿದರೆ ಅದು ಯಾವುದಕ್ಕೆ ಎಂದು ಕೇಳಿ ತಿಳಿದುಕೊಂಡೇ ನಾನು ಹೋಳಿಗೆ ಮುರಿಯುವುದು. ಎರಡು ವರ್ಷದ ಹಿಂದೆ ಅಮೆರಿಕಕ್ಕೆ ಹೊರಟಾಗ ಗೆಳತಿಯರು, "ಸುಲೋಚನಾ, ಸಮುದ್ರ, ಸಿನಿಮಾದವರ ಮನೆ, ಎಲ್ಲ ನೋಡಿ ಬಂದು ಬರಿ" ಎಂದಿದ್ದರು. ಅವರಲ್ಲಿ ಮೊದಲೇ ಕ್ಷಮೆ ಕೇಳುತ್ತೇನೆ. ಸಮುದ್ರವನ್ನು ದೂರದಿಂದ ನೋಡಿದೆ. ನಾನು ಅತಿ ಹತ್ತಿರದಿಂದ ಕಂಡದ್ದು ಗಾಂಜಾ.

ಹೋದದ್ದು ಇಂದಿರಕ್ಕನ ಮನೆಗೆ. ನನ್ನ ದೊಡ್ಡಮ್ಮನ ಮಗಳು, ನನಗಿಂತ ಎಂಟು ವರ್ಷ ದೊಡ್ಡವಳು. ನಲವತ್ತು ವರ್ಷದಿಂದ ಅಲ್ಲೇ ಇದ್ದು, ಅಲ್ಲಿಯ ಪ್ರಜೆಯೇ ಆಗಿ, ಟೆಲಿಕಾಂ ಕಂಪನಿಯ ಕೆಲಸದಿಂದ ನಿವೃತ್ತಳಾಗಿ, ಈಗ ಲಾಸ್ ಏಂಜಲೀಸ್‌ನ ಪೂರ್ವಕ್ಕಿರುವ ಡೈಮಂಡ್ ಬಾರ್‌ನ ಗುಡ್ಡದ ಮೇಲೆ ಮನೆ ಮಾಡಿಕೊಂಡಿದ್ದಾಳೆ. ಎಪ್ಪತ್ತೆರಡರಲ್ಲೂ ಫ್ರೀವೇ ಮೇಲೆ ಕಾರು ಓಡಿಸುತ್ತಾಳೆ. ಬೆರಳಿನ ಗಂಟುಗಳು ಮಾತ್ರ ಊದಿಕೊಂಡು, ರಾತ್ರಿಯಾದರೆ ನೋವಿನಿಂದ ನಿದ್ದೆ ಇಲ್ಲ.

ಹೋದ ಎರಡನೇ ದಿನವೇ ಅವಳ ಔಷಧಿ ಬೀರುವಿನ ತಪಾಸಣೆಗೆ ಕೂತೆ. ಬೀಪಿ ಮಾತ್ರೆ, ಕ್ಯಾಲ್ಸಿಯಂ, ನೋವಿನ ಮುಲಾಮು, ಅವುಗಳ ಹಿಂದೆ ಬಣ್ಣಬಣ್ಣದ ಒಂದು ಖಾಲಿ ಪೊಟ್ಟಣ.

"ಇದೇನೆ ಇಂದಿರಕ್ಕ?"

"ಗಮ್ಮಿ ಕಣೆ. ಜೆಲ್ಲಿ ಮಿಠಾಯಿ ಥರ ಇರುತ್ತೆ. ಮಲಗೋವಾಗ ಅರ್ಧ ತಿಂತೀನಿ, ನಿದ್ದೆ ಬರುತ್ತೆ. ಖಾಲಿಯಾಗಿದೆ, ತರ್ಬೇಕು."

"ಒಳಗೆ ಏನಿದೆ?"

"ಗಾಂಜಾ."

ಮನೆಯಲ್ಲಿ ಸಕ್ಕರೆ ಮುಗಿದಿದೆ ಎನ್ನುವ ಧ್ವನಿಯಲ್ಲಿ ಹೇಳಿದಳು. ನನಗೆ ಗಾಂಜಾ ಎಂದರೆ ಜೋಳದ ಸಾಲಿನ ನಡುವೆ ಬೆಳೆದದ್ದನ್ನು ಪೊಲೀಸರು ಕಿತ್ತು ಗುಡ್ಡೆ ಹಾಕಿ, ಹಿಂದೆ ಸಾಲಾಗಿ ನಿಂತು ತೆಗೆಸಿಕೊಳ್ಳುವ ಫೋಟೋ. ಆ ಫೋಟೋದಲ್ಲಿ ಇಂದಿರಕ್ಕನನ್ನು ಕೂರಿಸಿ ನೋಡಿದೆ. ಹೊಂದಲಿಲ್ಲ.

"ಹೆದರ್ಬೇಡ್ವೇ. ಇಲ್ಲಿ ಇಪ್ಪತ್ತೊಂದು ದಾಟಿದವರು ತಗೋಬಹುದು. ಡಾಕ್ಟರಿಗೂ ಹೇಳಿದೀನಿ. ಆದ್ರೆ ನೀನು ಮುಟ್ಟೋ ಹಾಗಿಲ್ಲ. ಈ ರಾಜ್ಯದಲ್ಲಿ ಸರಿ, ದೇಶದ ಕಾನೂನಲ್ಲಿ ಇನ್ನೂ ತಪ್ಪೇ. ನೀನು ವೀಸಾ ಮೇಲೆ ಬಂದಿರೋಳು."

"ನಾನ್ಯಾಕೆ ಮುಟ್ಟಲಿ, ನನಗೇನು ಹುಚ್ಚೇ?" ಎಂದೆ. ಈ ಮಾತನ್ನು ಅಷ್ಟು ಜೋರಾಗಿ ಹೇಳಬಾರದಿತ್ತು.

ಹೆದರುವವಳು ಇಂದಿರಕ್ಕನೇ, ಅದೂ ಒಂದೇ ವಿಷಯಕ್ಕೆ. ಸ್ಯಾನ್ ಡಿಯೇಗೋದಲ್ಲಿರುವ ಮಗಳು ಆಶಾ ಪ್ರತಿ ಬೇಸಿಗೆ ರಜೆಯಲ್ಲಿ ತನ್ನ ಒಂಬತ್ತು ವರ್ಷದ ಮಗಳು ತಾರಾಳನ್ನು ಎರಡು ವಾರ ಅಜ್ಜಿಯ ಮನೆಗೆ ಕಳಿಸುತ್ತಾಳೆ. ವರ್ಷದ ಉಳಿದ ಐವತ್ತು ವಾರ ಇಂದಿರಕ್ಕ ಆ ಎರಡು ವಾರಕ್ಕಾಗಿಯೇ ಬದುಕುತ್ತಾಳೆ ಎಂದರೆ ಸುಳ್ಳಲ್ಲ. ಆ ವರ್ಷ ಆಶಾ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ಅಮ್ಮಾ, ನಿನ್ನ ಔಷಧಿ ನಿನ್ನಿಷ್ಟ. ಆದ್ರೆ ಅದು ತಾರಾ ಕೈಗೆ ಸಿಗೋ ಹಾಗೆ ಒಂದೇ ಒಂದು ಸಲ ಕಂಡ್ರೂ, ನಾನು ಅವಳನ್ನ ಕಳ್ಸಲ್ಲ." ಮುಂದಿನ ಶುಕ್ರವಾರ ಆಶಾಳ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅದನ್ನು ಮುಗಿಸಿಕೊಂಡು ಮರುದಿನ ತಾರಾಳನ್ನು ಕರೆತರುವುದೆಂದು ಮಾತಾಗಿತ್ತು.

ಕಲ್ವರ್ ಸಿಟಿ

ಗಮ್ಮಿ ತರಲು ಇಂದಿರಕ್ಕ ಹೊರಟದ್ದು ಊರಿನ ಇನ್ನೊಂದು ತುದಿಯ ಕಲ್ವರ್ ಸಿಟಿಗೆ. ಸಿನಿಮಾ ಸ್ಟುಡಿಯೋ, ಕಂಪನಿ ಆಫೀಸು ಇರುವ ಜಾಗ. ದಾರಿಯಲ್ಲಿ ಒಂದೂವರೆ ಗಂಟೆ ಟ್ರಾಫಿಕ್.

"ಹತ್ತಿರದಲ್ಲಿ ಅಂಗಡಿ ಇಲ್ವೇನೆ?"

"ಇದೆ. ಆದ್ರೆ ಕನ್ನಡ ಸಂಘದವರು ಯಾರಾದ್ರೂ ನೋಡಿಬಿಟ್ರೆ?"

ಬಾಗಿಲಲ್ಲಿ ಬಾಡಿಬಿಲ್ಡರನೊಬ್ಬ ನಮ್ಮಿಬ್ಬರ ವಯಸ್ಸಿನ ಪುರಾವೆ ಕೇಳಿದ. ಇಪ್ಪತ್ತೊಂದು ಆಗಿದೆಯೇ ಎಂದು ಅರವತ್ತನಾಲ್ಕರ ನನ್ನನ್ನು ಯಾರಾದರೂ ಅನುಮಾನಿಸಿ ಎಷ್ಟು ಕಾಲವಾಗಿತ್ತು! ಪಾಸ್‌ಪೋರ್ಟನ್ನು ಸಂತೋಷದಿಂದಲೇ ತೋರಿಸಿದೆ. ಒಳಗೆ ಕತ್ತಲೆ, ಹೊಗೆ, ಗಡ್ಡ ಇರುತ್ತವೆ ಎಂದುಕೊಂಡಿದ್ದೆ. ಇದ್ದದ್ದು ಒಡವೆ ಅಂಗಡಿಯ ಬೆಳಕು, ಗಾಜಿನ ಪೆಟ್ಟಿಗೆಗಳು, ಮಂದವಾದ ಸಂಗೀತ. ಕೌಂಟರಿನ ಹುಡುಗಿಗೆ ಮೂಗಿನ ಎರಡೂ ಕಡೆ ಬೊಟ್ಟು, ಕೈತುಂಬ ಹಚ್ಚೆ. ಥೇಟ್ ನಮ್ಮ ಮುತ್ತಜ್ಜಿಯ ಅಲಂಕಾರ, ಕೂದಲು ಮಾತ್ರ ನೀಲಿ.

"ಇವತ್ತು ನಿಮಗೆ ಯಾವ ಥರದ ಅನುಭವ ಬೇಕು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನಿದ್ದೆ" ಎಂದಳು ಇಂದಿರಕ್ಕ.

ನನಗೆ ಸುಮ್ಮನಿರಲಾಗಲಿಲ್ಲ. ಕನ್ನಡಕ ಏರಿಸಿ ಮುಂದೆ ಬಂದೆ. ಬ್ಯಾಚ್ ನಂಬರ್ ಎಲ್ಲಿದೆ? ಪರೀಕ್ಷೆ ಮಾಡಿದ ಲ್ಯಾಬ್ ಯಾವುದು? ಒಂದು ತುಂಡಿನಲ್ಲಿ ಎಷ್ಟು ಮಿಲಿಗ್ರಾಂ? ಅವಧಿ ಎಂದಿಗೆ ಮುಗಿಯುತ್ತದೆ? ಇಂದಿರಕ್ಕ ನನ್ನ ಸೆರಗು ಜಗ್ಗಿದಳು. ಹುಡುಗಿಗೆ ಬೇಸರವಾಗುವುದಿರಲಿ, ಕಣ್ಣು ಅರಳಿದವು. ಪೊಟ್ಟಣದ ಮೇಲಿನ ಕ್ಯೂಆರ್ ಚೌಕಕ್ಕೆ ಫೋನು ಹಿಡಿದು ಪರೀಕ್ಷೆಯ ವರದಿಯನ್ನೇ ತೆರೆದಳು. ಕೀಟನಾಶಕ, ಸೀಸ, ಬೂಷ್ಟು, ಎಲ್ಲಕ್ಕೂ ಒಂದೊಂದು ಸಾಲು, ಎದುರಿಗೆ ಪಾಸು. ತ್ರಿಕೋನದೊಳಗೆ ಎಲೆ ಇರುವ ರಾಜ್ಯದ ಗುರುತು ತೋರಿಸಿ, ಇದು ಇಲ್ಲದ್ದನ್ನು, ಲೈಸೆನ್ಸ್ ಇಲ್ಲದ ಅಂಗಡಿಯದ್ದನ್ನು ಕೊಳ್ಳಬೇಡಿ ಎಂದಳು. ಇಂಥ ಪ್ರಶ್ನೆ ಕೇಳುವವರು ಅಪರೂಪವಂತೆ. ಜನ ಬಂದು ಯಾವುದು ಸ್ಟ್ರಾಂಗ್ ಎಂದಷ್ಟೇ ಕೇಳುತ್ತಾರಂತೆ.

"ಒಂದು ತುಂಡಿಗೆ ಐದು ಮಿಲಿಗ್ರಾಂ. ಹೊಸಬರಾದರೆ ಅರ್ಧವೇ ಸಾಕು. ತಿಂದದ್ದು ಏರುವುದಕ್ಕೆ ಎರಡು ಗಂಟೆಯೂ ಹಿಡಿಯಬಹುದು. ಏನೂ ಆಗಲಿಲ್ಲ ಅಂತ ಇನ್ನೊಂದು ತಿನ್ನುತ್ತಾರೆ ನೋಡಿ, ಎಲ್ಲರೂ ಮಾಡುವ ತಪ್ಪು ಅದೇ. ಕುಡಿತದ ಜೊತೆ ಬೇಡ, ತಿಂದು ಕಾರು ಓಡಿಸುವುದು ಬೇಡ, ಬೇರೆ ಮಾತ್ರೆ ಇದ್ದರೆ ಡಾಕ್ಟರನ್ನು ಕೇಳಿ, ಬಂದ ಪೊಟ್ಟಣದಲ್ಲೇ ಇಟ್ಟು ಬೀಗ ಹಾಕಿ."

ಇಂಥ ಒಬ್ಬಳು ನನ್ನ ಕೈಕೆಳಗೆ ಇದ್ದಿದ್ದರೆ ತಾಲ್ಲೂಕಿನ ಅರ್ಧ ಕಾಯಿಲೆ ವಾಸಿಯಾಗುತ್ತಿತ್ತು.

ಹೊರಗೆ ಬರುವಾಗ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ ಹಿರಿಯರೊಬ್ಬರು ಎದುರಾದರು. ಇಂದಿರಕ್ಕನನ್ನು ಕಂಡು ಅವರ ಮುಖ ಬಿಳಿಚಿತು.

"ಓ, ಇಂದಿರಾ ಅವರೇ! ನಾನು... ವಾಶ್‌ರೂಮ್ ಹುಡುಕ್ತಾ ಬಂದೆ."

"ನಾವೂ ಅಷ್ಟೇ" ಎಂದಳು ಇಂದಿರಕ್ಕ. ಅವರು ಕನ್ನಡ ಸಂಘದ ಮಾಜಿ ಕಾರ್ಯದರ್ಶಿಯಂತೆ. ಅವರೂ ಡೈಮಂಡ್ ಬಾರ್‌ನವರೇ.

ಮತ್ತೆ ಡೈಮಂಡ್ ಬಾರ್

ಪೊಟ್ಟಣ ಮನೆಗೆ ಬಂತು, ತೆರೆಯಲು ಮಾತ್ರ ಬರಲಿಲ್ಲ. ಈ ಸಲದ್ದು ಹೊಸ ಥರದ್ದು, ಎರಡು ಕಡೆ ಒತ್ತಿ ಹಿಡಿದು ಮೇಲಕ್ಕೆ ಜಾರಿಸಬೇಕಂತೆ. ಮಕ್ಕಳು ತೆರೆಯಬಾರದೆಂದು ಮಾಡಿದ್ದನ್ನು ಮುದುಕಿಯರೂ ತೆರೆಯಲಾರರು ಎಂದು ಮಾಡಿದವರಿಗೆ ಹೊಳೆದಿಲ್ಲ. ಇಂದಿರಕ್ಕನ ಊದಿದ ಬೆರಳು ಸೋತಿತು. ನನ್ನ ಹಲ್ಲು ಸೋತಿತು. ಕೊನೆಗೆ ಗ್ಯಾರೇಜಿನಿಂದ ಇಕ್ಕಳ ತಂದು ತೆರೆದೆವು. ಒಳಗೆ ಹತ್ತು ತುಂಡು.

"ದಿನಾ ಇಕ್ಕಳ ಹಿಡ್ಕೊಂಡು ಮಲಗಕ್ಕಾಗಲ್ಲ" ಎಂದು ಇಂದಿರಕ್ಕ ಹತ್ತನ್ನೂ ಪುಟ್ಟ ಸ್ಟೀಲ್ ಡಬ್ಬಿಗೆ ಸುರಿದಳು.

ಇಂದಿರಕ್ಕನ ಅಡುಗೆಮನೆಯಲ್ಲಿ ಯಾವ ವಸ್ತುವೂ ತನ್ನ ಡಬ್ಬಿಯಲ್ಲಿಲ್ಲ. ಕಾಫಿ ಬಾಟಲಿಯಲ್ಲಿ ಮೆಂತ್ಯ, ಉಪ್ಪಿನಕಾಯಿ ಬಾಟಲಿಯಲ್ಲಿ ಏಲಕ್ಕಿ, ಐಸ್‌ಕ್ರೀಮ್ ಡಬ್ಬಿಯಲ್ಲಿ ದೋಸೆ ಹಿಟ್ಟು. ನಲವತ್ತು ವರ್ಷ ಅಮೆರಿಕದಲ್ಲಿದ್ದರೂ ಈ ವಿಷಯದಲ್ಲಿ ಅವಳು ಅಪ್ಪಟ ನಮ್ಮವಳು. ತಾರಾಗೆಂದು ಕೊಂಡ ಮಾಮೂಲಿ ಜೆಲ್ಲಿ ಮಿಠಾಯಿಯನ್ನೂ, ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟರೆ ಚೆನ್ನಾಗಿರುವುದಿಲ್ಲವೆಂದು, ಅದೇ ಜೋಡಿಯ ಇನ್ನೊಂದು ಡಬ್ಬಿಗೆ ತುಂಬಿದಳು.

ಈಗ ನಾನು ಹೇಳಬೇಕಾಗಿದ್ದ ಮಾತು ಯಾವುದೆಂದು ಯಾರಿಗಾದರೂ ಗೊತ್ತು. ಮಾತ್ರೆಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬರುತ್ತಿದ್ದ ಹೆಂಗಸರಿಗೆ ಮೂವತ್ತೊಂದು ವರ್ಷ ಬೈದವಳು ನಾನು. ಆದರೆ ಇಕ್ಕಳದ ಜೊತೆ ಗುದ್ದಾಡಿ ಸುಸ್ತಾಗಿತ್ತು.

"ಔಷಧಿ ಡಬ್ಬಿ ಮೇಲೆ ಒಂದು ಕುಂಕುಮ ಇಡು" ಎಂದೆ. "ಕುಂಕುಮ ಇದ್ದದ್ದು ಔಷಧಿ, ಇಲ್ಲದ್ದು ಮಿಠಾಯಿ. ಮುಗೀತು."

ಇಂದಿರಕ್ಕ ನನ್ನ ಬುದ್ಧಿಯನ್ನು ಹೊಗಳಿದಳು. ನಾನೂ ಒಪ್ಪಿಕೊಂಡೆ. ಅಂದು ಅರ್ಧ, ಮರುದಿನ ಅರ್ಧ ತಿಂದು ಅವಳು ಚೆನ್ನಾಗಿ ನಿದ್ದೆ ಮಾಡಿದಳು. ಡಬ್ಬಿಯಲ್ಲಿ ಒಂಬತ್ತು ಉಳಿದವು. ಶುಕ್ರವಾರ, ರಾತ್ರಿ ಆಶಾಳ ಮನೆಯಲ್ಲೇ ಮಲಗಬೇಕಲ್ಲ ಎಂದು, ಎರಡು ಡಬ್ಬಿಯನ್ನೂ ಚೀಲಕ್ಕೆ ಹಾಕಿ, "ಇದೇ ಬೀಗ" ಎಂದು ಜಿಪ್ ಎಳೆದಳು.

ರ್ಯಾಂಚೊ ಪೆನಾಸ್ಕಿಟೋಸ್, ಪೂಜೆಯ ಹೊತ್ತು

ಏಳಕ್ಕೇ ಹೊರಟು, ಪೂಜೆ ಎಂದು ಬರೀ ಹೊಟ್ಟೆಯಲ್ಲಿ, ಸ್ಯಾನ್ ಡಿಯೇಗೋದ ಉತ್ತರಕ್ಕಿರುವ ಆಶಾಳ ಬಡಾವಣೆ ತಲುಪಿದೆವು. ಬಾಗಿಲಲ್ಲೇ ತಾರಾ ಅಜ್ಜಿಯ ಕೈಹಿಡಿದು, ಊರಿಗೆ ಹೊರಡಲು ಕಟ್ಟಿಟ್ಟ ತನ್ನ ಸೂಟ್‌ಕೇಸ್ ತೋರಿಸಲು ಮೇಲಕ್ಕೆ ಎಳೆದುಕೊಂಡು ಹೋದಳು. ಆಶಾಳ ಅತ್ತೆ ಜಯಮ್ಮನವರು ಧಾರವಾಡದವರು, ಉಪಚಾರಕ್ಕೆ ಎತ್ತಿದ ಕೈ. "ಕೊಡ್ರಿ ಬೀಗರ, ಚೀಲ ನಾ ಒಯ್ತೀನಿ, ನೀವು ಕೈಕಾಲು ತೊಳ್ಕೋರಿ" ಎಂದು ನನ್ನ ಕೈಯಲ್ಲಿದ್ದ ಇಂದಿರಕ್ಕನ ಚೀಲ ಇಸಿದುಕೊಂಡರು. ಇಷ್ಟು ಮರ್ಯಾದೆ ಮಾಡುವವರ ಕೈಯಿಂದ ಚೀಲ ಕಿತ್ತುಕೊಳ್ಳುವುದು ಹೇಗೆ?

ಪೂಜೆ ಶುರುವಾಯಿತು. ಆಶಾ, ಅವಳ ಗಂಡ ಮಣೆಯ ಮೇಲೆ. ಪುರೋಹಿತರು ನಿಧಾನಸ್ಥರು. ಕಥೆಯ ಸಾಹುಕಾರ ಹಡಗು ಹತ್ತುವ ಹೊತ್ತಿಗೆ ಹನ್ನೊಂದೂವರೆ. ನನ್ನ ಹೊಟ್ಟೆಯಲ್ಲಿ ಅವನ ಹಡಗೇ ಓಡಾಡುತ್ತಿತ್ತು. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಕಟ್ಟೆಯ ಮೇಲೆ ನಮ್ಮ ಸ್ಟೀಲ್ ಡಬ್ಬಿ. ತಿರುಗಿಸಿ ತಿರುಗಿಸಿ ನೋಡಿದೆ. ಕುಂಕುಮ ಇಲ್ಲ. ಸರಿ, ಮಿಠಾಯಿ.

ಒಂದು ಬಾಯಿಗೆ ಹಾಕಿದೆ. ಕಿತ್ತಳೆ ರುಚಿ, ಸ್ವಲ್ಪ ಒಗರು. ಅಮೆರಿಕದ ಮಿಠಾಯಿ ಹೀಗೇ ಇರಬೇಕು ಎಂದುಕೊಂಡು ಇನ್ನೊಂದು ಹಾಕಿದೆ. ನೈವೇದ್ಯಕ್ಕೆ ಮುಂಚೆ ತಿಂದ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಮಂಗಳಾರತಿಯಲ್ಲಿ ಎಲ್ಲರಿಗಿಂತ ಜೋರಾಗಿ ಹಾಡಿದೆ.

ಅದೇ ಮನೆ, ಊಟವಾದ ಮೇಲೆ

ಒಂದು ಗಂಟೆಯ ಹೊತ್ತಿಗೆ ನಾನು ಸೋಫಾದ ಮೇಲೆ ಕೂತು ಮೂರನೇ ಸಲ ಹಾಕಿಸಿಕೊಂಡ ಸಜ್ಜಿಗೆ ತಿನ್ನುತ್ತಿದ್ದೆ. ಅಷ್ಟು ರುಚಿಯಾದ ಸಜ್ಜಿಗೆಯನ್ನು ಜನ್ಮದಲ್ಲಿ ತಿಂದಿರಲಿಲ್ಲ. ಪರದೆಯ ಮೇಲಿನ ಹೂಗಳು ಒಂದೊಂದಾಗಿ ನನ್ನನ್ನು ಮಾತಾಡಿಸುವ ಹಾಗಿದ್ದವು. ವಿಮಾನದ ಆಯಾಸ ಇನ್ನೂ ಹೋಗಿಲ್ಲ ಎಂದುಕೊಂಡೆ.

ಆಗ ಅಡುಗೆಮನೆಯಲ್ಲಿ ಇಂದಿರಕ್ಕನ ಧ್ವನಿ ಕೇಳಿತು. "ಜಯಮ್ಮನವರೇ, ನನ್ನ ಚೀಲದಲ್ಲಿ ಎರಡು ಡಬ್ಬಿ ಇತ್ತಲ್ಲ?"

"ನಾನ ತಗದೇನ್ರಿ. ಬೀಗರು ತಂದದ್ದು ಚೀಲದಾಗ ಇಡಬಾರದಲ್ರಿ. ಎರಡೂ ಒದ್ದಿ ಅರಿವೀಲೆ ಒರಿಸಿ, ಒಂದಕ್ಕ ಅರಿಷಿಣ ಕುಂಕುಮ ಹಚ್ಚಿ ದೇವರ ಮುಂದ ಇಟ್ಟೆ. ಇನ್ನೊಂದು ಹುಡುಗಿ ಕೈಗೆ ಸಿಗಲಿ ಅಂತ ಇಲ್ಲೇ ಕಟ್ಟಿ ಮ್ಯಾಲೆ ಇಟ್ಟೇನಿ."

ನಮ್ಮ ಗುರುತಿನ ಕುಂಕುಮ ಆ ಒದ್ದೆ ಬಟ್ಟೆಗೆ ಹೋಗಿತ್ತು. ಇಂದಿರಕ್ಕ ಎರಡು ಡಬ್ಬಿಯನ್ನೂ ತೆರೆದಳು. ದೇವರ ಮುಂದಿದ್ದದ್ದು ತಾರಾಳ ಮಿಠಾಯಿ, ಮುಟ್ಟಿದವರಿಲ್ಲ. ಕಟ್ಟೆಯ ಮೇಲಿದ್ದದ್ದು ಔಷಧಿ. ಎಣಿಸಿದಳು. ಏಳು.

ಮುಂದಿನದನ್ನು ನಾನು ಎಂದಿಗೂ ಮರೆಯುವುದಿಲ್ಲ. ಇಂದಿರಕ್ಕ ಯಾರನ್ನೂ ಗುಟ್ಟಾಗಿ ವಿಚಾರಿಸಲಿಲ್ಲ. ಡಬ್ಬಿ ಮುಚ್ಚಿಡಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ಹಾಲಿಗೆ ಬಂದು, ನೆಂಟರ ನಡುವೆ ನಿಂತಿದ್ದ ಮಗಳಿಗೆ ನೇರವಾಗಿ ಹೇಳಿದಳು: "ಆಶಾ, ನನ್ನ ಗಾಂಜಾ ಗಮ್ಮೀಲಿ ಎರಡು ಕಮ್ಮಿ ಇದೆ. ಡಬ್ಬೀಲಿ ಹಾಕಿದ್ದೆ, ತಪ್ಪು ನಂದೇ. ತಾರಾ ತಿಂದಿರಬಹುದು. ಈಗ್ಲೇ ಆಸ್ಪತ್ರೆಗೆ ಹೊರಡು."

ಆಶಾ ತಾಯಿಯ ಮುಖವನ್ನು ಒಮ್ಮೆ ನೋಡಿದಳು, ಅಷ್ಟೇ. ಕಾರಿನ ಕೀ ತೆಗೆದುಕೊಂಡು "ತಾರಾ!" ಎಂದು ಕೂಗಿದಳು. ತಾರಾ ಮೆಟ್ಟಿಲಿಳಿದು ಬಂದಳು.

ನನ್ನ ತಲೆಯೊಳಗೆ ಲೆಕ್ಕ ಬಹಳ ನಿಧಾನವಾಗಿ ಕೂಡಿತು. ಕುಂಕುಮ ಇಲ್ಲದ ಡಬ್ಬಿ. ಎರಡು. ಕಿತ್ತಳೆ ರುಚಿ. ಬೀಗರ ಮನೆ, ಎದುರಿಗೆ ಪುರೋಹಿತರು, ಸುತ್ತ ಹದಿನೈದು ಮಂದಿ. ನೈವೇದ್ಯಕ್ಕೆ ಮುಂಚೆ ಕದ್ದು ತಿಂದೆ ಎಂದು ಇವರ ಮುಂದೆ ಹೇಳುವುದಕ್ಕಿಂತ ಭೂಮಿ ಬಾಯಿಬಿಟ್ಟರೆ ಸಾಕು ಎನ್ನಿಸಿತು. ಆದರೆ ಆಶಾ ಆ ಮಗುವಿನ ತೋಳು ಹಿಡಿದು ಬಾಗಿಲ ಕಡೆ ಹೊರಟಿದ್ದಳು.

"ನಾನು ತಿಂದೆ" ಎಂದೆ. ನನ್ನ ಧ್ವನಿ ಪಕ್ಕದ ಮನೆಯಿಂದ ಬಂದ ಹಾಗೆ ಕೇಳಿತು. "ಎರಡೂ ನಾನೇ. ಹನ್ನೊಂದೂವರೆಗೆ. ಹಸಿವಾಗಿತ್ತು."

ಮೊದಲು ಮಾತಾಡಿದವರು ಜಯಮ್ಮನವರು. "ಅಯ್ಯ ಬೀಗರ, ನೈವೇದ್ಯ ಆಗೂಕಿಂತ ಮೊದಲ ತಿಂದ್ರೇನ್ರಿ?"

ಗಾಂಜಾದ ಬಗ್ಗೆ ಅವರಿಗೆ ಯಾವ ತಕರಾರೂ ಇರಲಿಲ್ಲ.

ಆಶಾ ನೆಲದ ಮೇಲೇ ಕೂತು ಮಗಳನ್ನು ತಬ್ಬಿಕೊಂಡು, ನೀನು ಏನಾದರೂ ತಿಂದೆಯಾ ಎಂದು ಮೂರು ಸಲ ಕೇಳಿದಳು. ಅಜ್ಜಿಯ ಡಬ್ಬಿಯಿಂದ ತಾನು ಏನನ್ನೂ ತಿನ್ನುವುದಿಲ್ಲ, ಐಸ್‌ಕ್ರೀಮ್ ಅಂತ ತೆರೆದರೆ ದೋಸೆ ಹಿಟ್ಟು ಇರುತ್ತದೆ, ಎಂದು ತಾರಾ ಇಂಗ್ಲಿಷಿನಲ್ಲಿ ವಿವರಿಸಿದಳು.

ಆಶಾ ಕೂಡಲೇ ವಿಷ ಸೇವಿಸಿದವರಿಗೆ ಸಲಹೆ ಕೊಡುವ ಸಹಾಯವಾಣಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟಳು. ಆ ಕಡೆಯ ಹೆಂಗಸು ವಯಸ್ಸು, ತೂಕ, ತಿನ್ನುವ ಬೇರೆ ಮಾತ್ರೆ, ತಿಂದ ಪ್ರಮಾಣ ಕೇಳಿದಳು. ಹತ್ತು ಮಿಲಿಗ್ರಾಂ ಎಂದೆ. ಬ್ಯಾಚ್ ನಂಬರನ್ನೂ ಬಾಯಿಪಾಠ ಒಪ್ಪಿಸಿದೆ. ಇಷ್ಟು ವಿವರ ಯಾರೂ ಕೊಡುವುದಿಲ್ಲ, ನೀವು ಏನು ಕೆಲಸದಲ್ಲಿದ್ದಿರಿ ಎಂದು ಕೇಳಿದಳು. ಫಾರ್ಮಸಿಸ್ಟ್ ಎಂದೆ. ಅದನ್ನು ಎರಡು ಸಲ ಹೇಳಿಸಿ ಬರೆದುಕೊಂಡಳು. ಮಲಗಿರಿ, ನೀರು ಕುಡಿಯಿರಿ, ಥಟ್ಟನೆ ಎದ್ದು ನಿಲ್ಲಬೇಡಿ, ಒಬ್ಬರು ಪಕ್ಕದಲ್ಲೇ ಇರಲಿ, ಎದೆನೋವೋ ಉಸಿರಾಟದ ತೊಂದರೆಯೋ ಕಂಡರೆ ತಕ್ಷಣ ಆಂಬುಲೆನ್ಸ್ ಕರೆಯಿರಿ ಎಂದಳು. ಮಗು ತಿಂದಿದ್ದರೆ ಕಾಯದೆ ಆಸ್ಪತ್ರೆಗೇ ಹೋಗಬೇಕಿತ್ತು ಎಂದೂ ಹೇಳಿದಳು.

ಮುಂದಿನ ನಾಲ್ಕು ಗಂಟೆ ನನಗೆ ನಾಲ್ಕು ದಿನ. ಗಂಟೆ ಎಷ್ಟು ಎಂದು ಆರು ಸಲ ಕೇಳಿದೆನಂತೆ, ಆರು ಸಲವೂ ಮೂರು ಹತ್ತೇ ಆಗಿತ್ತಂತೆ. ದಿಂಬಿಗೆ ಊಟಕ್ಕೆ ಮುಂಚೆ, ಊಟದ ನಂತರ ಎಂದು ಪಾಠ ಮಾಡಿದೆನಂತೆ. ನನ್ನ ವರ್ಗಾವಣೆ ತಡೆದಿದ್ದ ವೈದ್ಯಾಧಿಕಾರಿಯನ್ನು ಇಪ್ಪತ್ತು ವರ್ಷದ ನಂತರ ಕ್ಷಮಿಸಿದೆ, ಅಮಲು ಇಳಿದ ಮೇಲೆ ಆ ಕ್ಷಮೆಯನ್ನು ವಾಪಸು ತೆಗೆದುಕೊಂಡೆ. ನಡುವೆ ಎದೆ ಡವಗುಟ್ಟಿ, ಇಲ್ಲೇ ಪರದೇಶದಲ್ಲೇ ಹೋಗಿಬಿಡುತ್ತೇನೆ ಎಂದು ಅತ್ತದ್ದೂ ಉಂಟು. ಎಲ್ಲರೂ ಒಮ್ಮೆಯಾದರೂ ನಕ್ಕರು. ನನ್ನ ಕೈಹಿಡಿದು ಪಕ್ಕದಲ್ಲಿ ಕೂತಿದ್ದ ಇಂದಿರಕ್ಕ ನಗಲಿಲ್ಲ. ಆಶಾ ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ.

ಅದೇ ಮನೆ, ಮರುದಿನ

ಬೆಳಿಗ್ಗೆ ನನ್ನ ತಲೆ ತಿಳಿಯಾಗಿತ್ತು, ಮನೆ ತಿಳಿಯಾಗಿರಲಿಲ್ಲ. ತಾರಾಳ ಸೂಟ್‌ಕೇಸ್ ಬಾಗಿಲ ಬಳಿ ನಿಂತಿತ್ತು.

ಇಂದಿರಕ್ಕ ಕಾಫಿ ಲೋಟ ಕೆಳಗಿಟ್ಟು, "ಈ ಸಲ ಅವಳನ್ನ ಕಳಿಸ್ಬೇಡ ಆಶಾ. ನನಗೇ ನನ್ನ ಮೇಲೆ ನಂಬಿಕೆ ಇಲ್ಲ" ಎಂದಳು.

"ಬುದ್ಧಿ ಹೇಳಿದ್ದು ನಾನು, ಕುಂಕುಮ ಇಡು ಅಂದವಳು ನಾನು" ಎಂದೆ.

"ಚಿಕ್ಕಮ್ಮ, ನೀವು ಸ್ವಲ್ಪ ಸುಮ್ನಿರಿ" ಎಂದಳು ಆಶಾ. ಸಿಂಕಿನಲ್ಲಿದ್ದ ಲೋಟಗಳನ್ನೆಲ್ಲ ತೊಳೆದಿಟ್ಟಳು. ಆಮೇಲೆ ಅಂದಳು: "ರಾತ್ರಿಯೆಲ್ಲ ಯೋಚ್ನೆ ಮಾಡ್ದೆ ಅಮ್ಮ. ನಿನ್ನ ಮೇಲೆ ಎಷ್ಟು ಕೋಪ ಇದೆ ಅಂತ ನಿಂಗೆ ಗೊತ್ತಿಲ್ಲ. ಆದ್ರೆ ಎರಡು ಕಮ್ಮಿ ಇದೆ ಅಂತ ನನಗೇನು ಗೊತ್ತಾಗ್ತಿತ್ತು? ನೀನು ಮುಚ್ಚಿಡಬಹುದಿತ್ತು. ಹೇಳಿದ್ರೆ ತಾರಾನ ಕಳ್ಸಲ್ಲ ಅಂತ ಗೊತ್ತಿದ್ದೂ, ಎಲ್ಲರ ಮುಂದೆ, ನನಗೇ ಮೊದಲು ಬಂದು ಹೇಳ್ದೆ."

ಆಶಾ ಉಳಿದ ಏಳು ತುಂಡನ್ನು ಕಾಫಿ ಚರಟದಲ್ಲಿ ಕಲಸಿ, ಚೀಲಕ್ಕೆ ಕಟ್ಟಿ ಕಸಕ್ಕೆ ಹಾಕಿದಳು. ನಂಬರ್ ಬೀಗದ ಒಂದು ಪುಟ್ಟ ಪೆಟ್ಟಿಗೆ ತಂದು ತಾಯಿಯ ಮುಂದಿಟ್ಟಳು. "ತಾರಾ ಇರೋವರೆಗೂ ಬರೀ ಮುಲಾಮು. ಆಮೇಲೆ ಏನು ತಂದ್ರೂ ಪೊಟ್ಟಣದ ಸಮೇತ ಇದರೊಳಗೆ. ಡಬ್ಬಿಗೆ ಹಾಕಿದ್ರೆ ನಾನು ಮನುಷ್ಯಳಾಗಿರಲ್ಲ." ಆಮೇಲೆ ಮಹಡಿಯ ಕಡೆ ತಿರುಗಿ ಕೂಗಿದಳು. "ತಾರಾ, ಶೂ ಹಾಕ್ಕೋ. ಅಜ್ಜಿ ಹೊರಟ್ರು."

ಕೊನೆಗೆ, ಡೈಮಂಡ್ ಬಾರ್

ಮೂರನೇ ದಿನದ ಮಧ್ಯಾಹ್ನ ತಾರಾ ಅಡುಗೆಮನೆಯ ಡಬ್ಬಿಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತಳು. ಬಿಳಿ ಅಂಟುಪಟ್ಟಿ, ದಪ್ಪ ಪೆನ್ನು. ನಾನು ಮೂಸಿ ಹೆಸರು ಹೇಳುತ್ತಿದ್ದೆ, ಅವಳು ಬರೆದು ಅಂಟಿಸುತ್ತಿದ್ದಳು. ಬೀಗದ ಖಾಲಿ ಪೆಟ್ಟಿಗೆಯ ಮೇಲೆ ಏನು ಬರೆಯಲಿ ಎಂದು ಕೇಳಿದಾಗ, ಎಲ್ಲ ಔಷಧಿಯ ಮೇಲೂ ಇರುವ ಸಾಲನ್ನೇ ಬರೆಸಿದೆ: ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಹಾಲಿನ ಕುರ್ಚಿಯಲ್ಲಿ ಇಂದಿರಕ್ಕ, ಬೆರಳಿಗೆ ಮುಲಾಮು ಹಚ್ಚಿಕೊಂಡು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ರಾತ್ರಿ ನೋವಿನಿಂದ ಹೊರಳಾಡಿದ್ದನ್ನು ಹಗಲಿನಲ್ಲಿ ತೀರಿಸಿಕೊಳ್ಳುತ್ತಿದ್ದಳು. ತಾರಾ ಕೊನೆಯ ಪಟ್ಟಿಯನ್ನು ನನಗೆ ತೋರಿಸದೆ ಬರೆದು, ಸದ್ದಾಗದ ಹಾಗೆ ಹೋಗಿ, ಅಜ್ಜಿಯ ತೋಳಿಗೆ ಅಂಟಿಸಿ ಬಂದಳು.

ನಾನು ಕನ್ನಡಕ ಏರಿಸಿ ಹತ್ತಿರ ಹೋಗಿ ಓದಿದೆ. ಇಂಗ್ಲಿಷಿನಲ್ಲಿ ಎರಡೇ ಸಾಲು. ಮೇಲಿನದು, ಅಜ್ಜಿ. ಕೆಳಗಿನದು, ಮಕ್ಕಳ ಕೈಗೆ ಸಿಗುವ ಹಾಗೆ ಇಡಿ.